ಆರ್ಡಿಸ್ ಅಳೆದ ಒಲೆಗಳು

ನನ್ನ ಹೆಂಡತಿ ಆರ್ಡಿಸ್‌ಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು ಸ್ವಲ್ಪ ಬೀಗಿಯೇ ಹೇಳುತ್ತಿದ್ದೆ. ಅಮೆರಿಕದ ಉತ್ತರ ಡಕೋಟಾದ ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಮನೆವಾರ್ತೆಯ ತಿಳಿವಳಿಕೆ ಕೊಡುವ ಸರ್ಕಾರಿ ಕೆಲಸ ಅವಳದು. ಬೀನ್ಸನ್ನು ಜಾಡಿಗೆ ತುಂಬಿ ಕೆಡದಂತೆ ಇಡುವುದು ಹೇಗೆ, ಹಾಳಾದ ಮಾಂಸವನ್ನು ಗುರುತಿಸುವುದು ಹೇಗೆ ಅಂತ ಊರೂರಿಗೆ ಹೋಗಿ ಹೇಳಿಕೊಡುತ್ತಿದ್ದಳು. ಅವಳಿಗೆ ಭೌತಶಾಸ್ತ್ರ ಓದುವ ಆಸೆಯಿತ್ತು. ಕಾಲೇಜಿನವರು ಗೃಹವಿಜ್ಞಾನಕ್ಕೆ ಹಾಕಿದರು. "ಹೋಗ್ಲಿ ಬಿಡಿ, ಎರಡರಲ್ಲೂ ಬಿಸಿ ಮಾಡೋದೇ ಕೆಲಸ" ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಗೆ ನಮ್ಮ ಕಡೆಯ ಮನೆಗಳಿಗೆ ಮೈಕ್ರೋವೇವ್ ಒಲೆ ಬಂತು. ಬೆನ್ನಿಗೇ ಭಯವೂ ಬಂತು. ಬಾಗಿಲ ಸಂದಿಯಿಂದ ಕಿರಣ ಸೋರಿ ಕಣ್ಣು ಹೋಗುತ್ತದಂತೆ, ಬಸುರಿಯರು ಹತ್ತಿರವೇ ಸುಳಿಯಬಾರದಂತೆ. ಆರ್ಡಿಸ್ ಸೋರಿಕೆ ಅಳೆಯುವ ಮೀಟರ್ ಬಳಸುವುದನ್ನು ಕಲಿತು ಬಂದಳು. ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿದ್ದ ಒಂದು ಶನಿವಾರ ಊರಿನ ಫೈರ್ ಸ್ಟೇಷನ್ನಿನಲ್ಲಿ ಮೇಜು ಹಾಕಿಸಿ, ಯಾರು ಬೇಕಾದರೂ ಒಲೆ ತನ್ನಿ, ಪುಕ್ಕಟೆ ನೋಡಿಕೊಡುತ್ತೇನೆ ಎಂದಳು.

ಜನ ಒಲೆಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪಿಕಪ್ ಗಾಡಿಗಳಲ್ಲಿ ತಂದರು. ಅವಳು ಪ್ರತಿ ಒಲೆಯೊಳಗೂ ಒಂದು ಲೋಟ ನೀರಿಟ್ಟು ಚಾಲೂ ಮಾಡುವಳು, ಏಕೆಂದರೆ ಖಾಲಿ ಒಲೆ ಉರಿಸಿದರೆ ಅದೇ ಕೆಟ್ಟುಹೋಗುತ್ತದೆ. ಆಮೇಲೆ ಮೀಟರಿನ ಕೋಲನ್ನು ಬಾಗಿಲ ಅಂಚಿನುದ್ದಕ್ಕೂ, ಕೀಲುಗಳ ಹತ್ತಿರ, ಗಾಜಿನ ಮುಂದೆ ನಿಧಾನವಾಗಿ ಆಡಿಸುವಳು. ಮುಳ್ಳು ಕೆಂಪು ಗೆರೆ ದಾಟಬಾರದು.

ಕ್ಷೌರದಂಗಡಿಯ ಎಲ್ಮರ್ ಸುಮ್ಮನಿರುವ ಆಸಾಮಿಯಲ್ಲ. "ಓರಿನ್, ನಿನ್ನ ಹೆಂಡ್ತಿಗೆ ಹೇಳಿ ನನ್ನ ತಲೇನೂ ಒಂದ್ಸಲ ನೋಡ್ಸು ಮಾರಾಯ" ಎಂದು ನನ್ನನ್ನು ಕೆಣಕಿದ.

ಆರ್ಡಿಸ್ ತಿರುಗಿಯೂ ನೋಡಲಿಲ್ಲ. "ಖಾಲಿ ಇರೋದನ್ನ ನಾನು ಚಾಲೂ ಮಾಡಲ್ಲ ಎಲ್ಮರ್."

ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಅವನ ಒಲೆಯ ಮುಂದೆ ಕೋಲು ಹಿಡಿದಾಗ ಮುಳ್ಳು ಚಂಗನೆ ಕೆಂಪು ಗೆರೆ ದಾಟಿತು.

"ಬಾಗಿಲಿಗೆ ಏನ್ ಮಾಡಿದೆ?"

"ಏನಿಲ್ಲ… ಕೆಳಕ್ಕೆ ತೆರೆಯೋ ಬಾಗಿಲಲ್ವಾ, ಅದರ ಮೇಲೆ ಕಾಲಿಟ್ಟು ಮೇಲಿನ ಕಪಾಟಿಗೆ ಕೈ ಹಾಕಿದ್ದೆ."

"ಕೀಲು ಬಗ್ಗಿದೆ. ರಿಪೇರಿ ಆಗೋವರೆಗೂ ಇದನ್ನ ಮುಟ್ಟಬೇಡ."

ಅಷ್ಟರಲ್ಲಿ ನನ್ನ ದೊಡ್ಡಮ್ಮ ಹುಲ್ಡಾ ಬಂದರು. ಹಿಂದೆ ಅವರ ಸೊಸೆ ಜನೆಲ್, ತವರಿನವರು ಮದುವೆಗೆ ಕೊಟ್ಟ ಒಲೆಯನ್ನು ಎದೆಗವಚಿಕೊಂಡು. ಆ ಚಳಿಗಾಲದಲ್ಲಿ ಜನೆಲ್‌ಳ ಬಸಿರು ನಿಲ್ಲಲಿಲ್ಲ. "ಆ ಪೆಟ್ಟಿಗೆ ಮುಂದೆ ಹೊಟ್ಟೆ ಕೊಟ್ಕೊಂಡು ನಿಂತಿರ್ತಿದ್ಲು, ಇನ್ನೇನಾಗುತ್ತೆ" ಎಂದು ದೊಡ್ಡಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗಲೆಲ್ಲ ಹೇಳಿದ್ದರು. ಒಲೆ ಕೊಟ್ಟಿಗೆ ಸೇರಿತ್ತು. ಜನೆಲ್ ಚರ್ಚಿಗೆ ಬರುವುದನ್ನೇ ಬಿಟ್ಟಿದ್ದಳು.

ಆರ್ಡಿಸ್ ದನಿ ತಗ್ಗಿಸಿ, "ದೊಡ್ಡಮ್ಮ, ಸಂಜೆ ಮನೆಗೇ ಬಂದು ನೋಡ್ತೀನಿ" ಎಂದಳು.

"ಬೇಡ. ಎಲ್ರೆದುರಿಗೇ ಆಗ್ಲಿ."

ಆರ್ಡಿಸ್ ಜನೆಲ್‌ಳ ಮುಖ ನೋಡಿದಳು. ಜನೆಲ್ ತಲೆಯಾಡಿಸಿದ ಮೇಲೆಯೇ ಒಳಗೆ ನೀರಿಟ್ಟಳು. ಒಲೆ ಗುಂಯ್ ಎನ್ನತೊಡಗಿತು. ಕೋಲು ಬಾಗಿಲ ಸುತ್ತ ಬಂತು, ಹಿಂದಿನ ಗಾಳಿಕಿಂಡಿಗೂ ಹೋಯಿತು. ಮುಳ್ಳು ಇದ್ದಲ್ಲೇ ಇತ್ತು.

"ಮೀಟರ್ ಕೆಟ್ಟಿರ್ಬೇಕು" ಎಂದರು ದೊಡ್ಡಮ್ಮ.

ಆರ್ಡಿಸ್ ವಾದಕ್ಕಿಳಿಯಲಿಲ್ಲ. ಎಲ್ಮರನ ಒಲೆಯನ್ನು ತರಿಸಿ ಮತ್ತೆ ಹಚ್ಚಿದಳು. ಮುಳ್ಳು ಹಾರಿತು. ಜನೆಲ್‌ಳ ಒಲೆಗೆ ಹಿಡಿದಳು. ಅಲುಗಲಿಲ್ಲ.

"ಹಾಗಾದ್ರೆ ಯಾಕೆ ಹಾಗಾಯ್ತು?" ಎಂದು ಕೇಳಿದರು ದೊಡ್ಡಮ್ಮ. ಅವರಿಗೂ ಅದು ಮೊದಲ ಮೊಮ್ಮಗು ಆಗಬೇಕಿತ್ತು.

"ಅದು ನಂಗೊತ್ತಿಲ್ಲ ದೊಡ್ಡಮ್ಮ. ಮೀಟರಿಗೂ ಗೊತ್ತಿಲ್ಲ. ಆದ್ರೆ ಈ ಒಲೆಯಿಂದ ಅಲ್ಲ, ಇವಳು ಇದರ ಮುಂದೆ ನಿಂತಿದ್ರಿಂದ ಅಲ್ಲ. ಅಷ್ಟನ್ನ ಯಾರೆದುರಿಗೆ ಬೇಕಾದ್ರೂ ಹೇಳ್ತೀನಿ."

ದೊಡ್ಡಮ್ಮ ಕೈಗವಸು ಬಿಚ್ಚಿದರು, ಮತ್ತೆ ಹಾಕಿಕೊಂಡರು. "ನಾನು ಊರೆಲ್ಲ ಹೇಳ್ಕೊಂಡು ಬಂದೆ" ಎಂದರು.

"ಹೂಂ ಅತ್ತೆ. ಹೇಳಿದ್ರಿ" ಎಂದಳು ಜನೆಲ್. ಅವಳು ಅಷ್ಟು ನೇರವಾಗಿ ಅತ್ತೆಯ ಕಡೆ ನೋಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಇನ್ನು ಊರೆಲ್ಲ ತಿರುಗಿ ಬೇರೆ ಥರ ಹೇಳ್ಬೇಕು." ದೊಡ್ಡಮ್ಮ ಅಲ್ಲೇ ಶುರುಮಾಡಿದರು. "ಕೇಳಿಸ್ತೇನೋ ಎಲ್ಮರ್? ಅವಳದೇನೂ ತಪ್ಪಿಲ್ಲ, ನಾನೇ ಬಾಯಿಗೆ ಬಂದಂಗೆ ಅಂದಿದ್ದು. ನಿನ್ನ ಕುರ್ಚಿ ಮೇಲೆ ಕೂರೋರಿಗೆಲ್ಲ ಹೇಳು."

"ಆಯ್ತಮ್ಮ" ಎಂದ ಎಲ್ಮರ್. ಆ ದಿನ ಮತ್ತೆ ಅವನು ತಮಾಷೆ ಮಾಡಲಿಲ್ಲ.

ಅವರಿಬ್ಬರೂ ಹೊರಟಾಗ ಆರ್ಡಿಸ್ ಒಲೆಯೊಳಗಿನ ನೀರು ಚೆಲ್ಲಿ, ಲೋಟ ಒರೆಸಿ, ಮುಂದಿನವರನ್ನು ಕರೆದಳು.

ಮರುವರ್ಷದಿಂದ ಅಕ್ಕಪಕ್ಕದ ಕೌಂಟಿಗಳವರೂ ಅವಳನ್ನು ಕರೆಸಿಕೊಂಡರು. ಗಾಡಿ ಓಡಿಸುವುದು ನನ್ನ ಪಾಲಿನ ಕೆಲಸ. ಹೋದಲ್ಲೆಲ್ಲ ಜನ ನನ್ನನ್ನು ಆರ್ಡಿಸ್ ಗಂಡ ಅಂತಲೇ ಗುರುತಿಸುತ್ತಿದ್ದರು. ಯಾರಾದರೂ ನನ್ನ ಹೆಸರು ಕೇಳಿದರೆ, ನಾನೂ ಮೊದಲು ಅದನ್ನೇ ಹೇಳುತ್ತಿದ್ದೆ.