ಹಲಗೆಯ ಅಡಿಯ ಎರಡು ಎಲೆ

ದಸ್ತಗೀರ, ಆ ಮಡಿಸುವ ಟೇಬಲ್ಲಿನ ಅಡಿಯಲ್ಲಿದ್ದ ನಿನ್ನ ಅಚ್ಚನ್ನು ಮರ ಹೆರೆಯುವ ರಂದಾ ಹೊಡೆದು ಅಳಿಸಿದವನು ನಾನು. ಅದರಿಂದ ಒಂದು ಗೇಣು ಆಚೆ ನನ್ನ ಅಚ್ಚು ಒತ್ತಿದವನೂ ನಾನೇ. ನಿನಗೆ ಇದು ಗೊತ್ತು — ಅಂದೇ ಗೊತ್ತಾಗಿತ್ತು. ಆದರೆ ನನ್ನ ಬಾಯಿಂದ ನೀನು ಕೇಳಿಲ್ಲ. ಒಂಬತ್ತು ವರ್ಷ ಇಷ್ಟು ಮಾತನ್ನು ಗಂಟಲಲ್ಲಿಟ್ಟುಕೊಂಡೇ ಉಂಡಿದ್ದೇನೆ, ಉಟ್ಟಿದ್ದೇನೆ, ನಕ್ಕಿದ್ದೇನೆ ಕೂಡ.

ಇಂಡಿ ಊರಿನ ನಮ್ಮ ತಗಡಿನ ಶೆಡ್ಡು ಹಾಗೇ ಇದೆ. ಗೋಡೆಯಾಚೆ ನಿಂಬೆಹಣ್ಣಿನ ಲಿಲಾವಿನ ಗದ್ದಲವೂ ಹಾಗೇ ಇದೆ. ನಮ್ಮಿಬ್ಬರಿಗೂ ಬಡಿಗತನ ಕಲಿಸಿದ ನನ್ನ ಅಪ್ಪ ಹಾಕಿಕೊಟ್ಟ ರೂಢಿ ಒಂದೇ ಆಗಿತ್ತು: ಕೆಲಸವನ್ನು ಎಷ್ಟು ಕೈ ಮಾಡಲಿ, ಅದು ಯಾರ ತಲೆಯಲ್ಲಿ ಹುಟ್ಟಿತೋ ಅವನ ಅಚ್ಚು ಮಾತ್ರ ಹಲಗೆಯ ಅಡಿಗೆ. ನನ್ನದು ಮರ ಕೆತ್ತುವ ಬಾಚಿಯ ಚಿತ್ರ, ನಿನ್ನದು ಎರಡು ನಿಂಬೆ ಎಲೆ. ಕಬ್ಬಿಣದ ಅಚ್ಚಿಟ್ಟು ಒಂದೇ ಏಟು. ಅಪ್ಪ ತೀರಿಕೊಂಡ ಮೇಲೂ ನಾವು ಅದನ್ನು ಮುರಿದಿರಲಿಲ್ಲ.

ಆಗ ಬಂದವರು ಬಸವನ ಬಾಗೇವಾಡಿಯ ಸವಿತಕ್ಕ. ಇಳಕಲ್ ಬಟ್ಟೆಯಲ್ಲಿ ಹೊಸ ತರದ ಉಡುಪು ಹೊಲಿಸಿ, ತಮ್ಮದೇ ಒಂದು ಬ್ರ್ಯಾಂಡು ಕಟ್ಟಿ, ಊರೂರಿನ ಪ್ರದರ್ಶನಗಳಿಗೆ ಒಯ್ದು ಮಾರುತ್ತಿದ್ದರು. “ಹೆಣಮಗಳೊಬ್ಬಾಕಿನ ಹೊತಗೊಂಡು ಬಸ್ ಹತ್ತುವಂಥಾ ಟೇಬಲ್ ಬೇಕ್ರೀ” ಅಂದರು. ಅವರ ಬ್ರ್ಯಾಂಡಿಗೆ ಹೆಸರು ತಂದ ಒಂದು ಕೋಟು ತೋರಿಸಿದರು. ಅದನ್ನು ಮಡಿಸುತ್ತ ಹೋದರೆ ಕೊನೆಗೆ ತನ್ನ ಕಿಸೆಯೊಳಗೆ ತಾನೇ ಹೊಕ್ಕು, ಒಂದು ಗುಂಡಿ ಹಾಕಿದರೆ ಸಣ್ಣ ಚೀಲವಾಗಿಬಿಡುತ್ತಿತ್ತು.

ಅವರು ಹೋದರು, ಕೋಟು ಉಳಿಯಿತು. ನೀನು ಅರ್ಧ ದಿನ ಕೆಲಸ ಬಿಟ್ಟು ಅದನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ನನಗೆ ಸಿಟ್ಟೇ ಬಂತು. ಆಮೇಲೆ ನೀನು ತಲೆಯೆತ್ತಿ ಅಂದೆ: “ಮೌನ್ಯಾ, ಅಂಗಿ ತನ್ನ ಕಿಸೇದಾಗ ತಾನ ಹೊಕ್ಕತೈತಿ ಅಂದ್ರ, ಟೇಬಲ್ ಯಾಕ ಹೋಗಬಾರದಲೇ?”

ನಾನು ಮಡಿಚುವಲ್ಲಿ ಕಬ್ಬಿಣದ ಬಿಜಾಗ್ರಿ ಹಾಕೋಣ ಅಂದೆ. ನೀನು ನಕ್ಕೆ — “ಅಂಗಿಗೆ ಬಿಜಾಗ್ರಿ ಇರ್ತಾವೇನು?” ಎರಡೂ ಕೈಯ ಬೆರಳು ಹೆಣೆದು ತೋರಿಸಿದೆ. ಸಾಗವಾನಿಯ ಹಲಗೆಯ ಅಂಚನ್ನು ಹಾಗೇ ಬೆರಳು ಬೆರಳಾಗಿ ಕೊರೆದು, ಒಂದರೊಳಗೊಂದು ಕೂಡಿಸಿ, ನಡುವೆ ಜಾಲಿಯ ಕಡ್ಡಿ ತೂರಿಸಿದೆ. ಕಾಲು ನಾಲ್ಕೂ ಹಲಗೆಯ ಹೊಟ್ಟೆಯೊಳಗೆ ಮಲಗಿದವು. ಹಲಗೆ ಎರಡಾಗಿ ಮಡಿಚಿಕೊಂಡಿತು. ಕೊನೆಗೆ ಗುಂಡಿಯಂಥ ಒಂದು ಮರದ ಬಿರಡೆ. ಒಂದು ಮೊಳೆ ಇಲ್ಲ. ನಾನು ಮಾಡಿದ್ದು ನೀನು ಗೆರೆ ಹಾಕಿಕೊಟ್ಟಲ್ಲಿ ಕೊಯ್ದದ್ದು, ಅಷ್ಟೆ.

ನೀನು ಅಚ್ಚು ಒತ್ತಿ, ತಂಗಿಯ ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋದೆ. ಮರುದಿನ ಸವಿತಕ್ಕ ಬಂದರು. ಟೇಬಲ್ಲನ್ನು ಮಡಿಸಿದರು, ಬಿಚ್ಚಿದರು, ಕೋಟನ್ನು ಅದರ ಮೇಲಿಟ್ಟು ನೋಡಿದರು — ಅವರ ಕಣ್ಣು ತುಂಬಿತ್ತು, ದಸ್ತಗೀರ, ಅದನ್ನು ನೀನು ನೋಡಬೇಕಿತ್ತು. “ಇದು ಯಾರ ತಲ್ಯಾಗ ಹೊಳೀತ್ರೀ?” ಅಂತ ಕೇಳಿದರು.

“ನಂದ್ರೀ ಅಕ್ಕಾರ.”

ಯಾಕೆ ನಾನು ಹಾಗಂದೆ — ಹೊಟ್ಟೆಕಿಚ್ಚು. ಬೋರ್ಡಿನ ಮೇಲೆ ನಮ್ಮಪ್ಪನ ಹೆಸರು, ಬಂದ ಗಿರಾಕಿ ಕೇಳುವುದು ‘ದಸ್ತಗೀರ ಇದ್ದಾನೇನ್ರಿ?’ ಅಂತ. ಒಮ್ಮೆಯಾದರೂ... ಇರಲಿ. ಇದು ಕಾರಣ, ನೆಪವಲ್ಲ. ಆಮೇಲೆ ಒಯ್ಯುತ್ತೇನೆಂದು ಹೇಳಿ ಅಕ್ಕ ಹೋದ ಮೇಲೆ ಅಡಿಯಲ್ಲಿದ್ದ ಎರಡೆಲೆ ನನ್ನನ್ನೇ ನೋಡುತ್ತಿದ್ದ ಹಾಗಾಯಿತು. ರಂದಾ ತೆಗೆದುಕೊಂಡೆ. ಆ ಟೇಬಲ್ಲಿಗೆ ಅಷ್ಟು ಮನಸ್ಸಿಟ್ಟು ನಾನು ಮಾಡಿದ ಕೆಲಸ ಅದೊಂದೇ. ಮುಂದೆ ಅವರ ಪ್ರತಿ ಉಡುಪಿನ ಚೀಟಿಯಲ್ಲೂ ಟೇಬಲ್ಲಿನ ಚಿತ್ರ ಬಂತು, ಕೆಳಗೆ ನನ್ನ ಹೆಸರು. ಕೈ ಕೆಸರಾದದ್ದು ನಿನ್ನದು, ಮೊಸರಾದ ಬಾಯಿ ನನ್ನದು.

ನೀನು ಮದುವೆಯ ಬುಂದೆ ಹಿಡಿದುಕೊಂಡೇ ಶೆಡ್ಡಿಗೆ ಬಂದೆ. ಒಯ್ಯಲು ಸಿದ್ಧವಾಗಿದ್ದ ಟೇಬಲ್ಲನ್ನು ಅಭ್ಯಾಸದಂತೆ ಅಡಿಮೇಲು ಮಾಡಿದೆ. ಅಂಗೈ ಆಡಿಸಿದೆ. ಕೈ ಒಂದು ಕಡೆ ನಿಂತಿತು.

“ರಂದಾ ಛಲೋ ಹೊಡದೀಲೇ, ಮೌನೇಶಾ.”

ನೀನು ಅಷ್ಟೇ ಅಂದೆ. ಅದಕ್ಕೂ ಮೊದಲು ನೀನು ನನ್ನನ್ನು ಮೌನೇಶ ಅಂತ ಪೂರ್ತಿ ಹೆಸರಿನಿಂದ ಕರೆದವನಲ್ಲ. ಎರಡು ದಿನ ಬಿಟ್ಟು ಬಂದು ನಿನ್ನ ಹತಾರದ ಪೆಟ್ಟಿಗೆ ಒಯ್ದೆ. ನಾನು ಬೆನ್ನು ತಿರುಗಿಸಿ ಉಳಿ ಮಸೆಯುತ್ತಿದ್ದೆ. ಮಸೆಯುವಂಥದೇನೂ ಇರಲಿಲ್ಲ.

ನಾವು ಚಹಾ ಒಂದೇ ತರಿಸುತ್ತಿದ್ದೆವು, ಕಪ್ಪು ನಿನಗೆ, ಅದರಡಿಯ ಬಸಿ ನನಗೆ. ಈಗಲೂ ನಾನು ಬಸಿಯಲ್ಲೇ ಕುಡಿಯುತ್ತೇನೆ. ಕಪ್ಪಿನಲ್ಲಿ ಅರ್ಧ ಉಳಿದು ಆರಿ ಹೋಗುತ್ತದೆ — ಪ್ರತಿದಿನ. ಇಬ್ಬರು ಹಿಡಿದು ಎಳೆಯುವ ಗರಗಸ ಗೋಡೆಗೆ ತೂಗುಹಾಕಿದ್ದು ಹಾಗೇ ಇದೆ. ಈಗ ಮಷೀನು ಬಂದಿದೆ, ಅದರ ಕೆಲಸವಿಲ್ಲ, ನಿಜ. ಆದರೂ ಆಚೆ ತುದಿಯಲ್ಲಿ ನಿನ್ನ ಉಸಿರು, ನಿನ್ನ ಬೈಗುಳ... ನೀನು ಬೇಕು ಅನ್ನಿಸುತ್ತದೆ ನನಗೆ. ಸಿಂದಗಿಯಲ್ಲಿ ನೀನು ಹಾಕಿಕೊಂಡ ಅಂಗಡಿಯ ಮುಂದೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಪ್ರತಿ ಸಲವೂ ನಿನ್ನ ಕಡೆಯ ಕಿಟಕಿಗೇ ಕೂತು, ಪ್ರತಿ ಸಲವೂ ಇಳಿಯದೆ.

ಹೋದ ತಿಂಗಳು ಅಕ್ಕ ಟೇಬಲ್ಲನ್ನು ರಿಪೇರಿಗೆ ಕಳಿಸಿದರು. ಬಸ್ಸಿನಿಂದ ಬಿದ್ದು ಒಂದು ಮೂಲೆ ಸೀಳಿದೆ. ಬೆಳಗಿನ ಅಡ್ಡ ಬಿಸಿಲಿನಲ್ಲಿ ಅಡಿಮೇಲು ಮಾಡಿದೆ — ನಿನ್ನ ಎರಡೆಲೆ ಅಲ್ಲೇ ಇವೆ. ಉಬ್ಬಿ ನಿಂತಿವೆ. ನಾನೆಂಥ ಬಡಿಗ! ಕೊರೆದ ಗುರುತಾಗಿದ್ದರೆ ರಂದಾಕ್ಕೆ ಹೋಗುತ್ತಿತ್ತು. ನಿನ್ನದು ಒತ್ತಿದ ಗುರುತು. ಏಟಿಗೆ ಅಮುಕಿಕೊಂಡ ಮರ ನೀರು ಕುಡಿದರೆ ಏಳುತ್ತದೆ ಎಂದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ. ಸುತ್ತಲಿನ ಮರವನ್ನು ನಾನು ಅದರ ಮಟ್ಟಕ್ಕೆ ಹೆರೆದಿದ್ದೆ, ಅಮುಕಿದ್ದು ಈಗ ಅದನ್ನೂ ಮೀರಿ ಎದ್ದಿದೆ. ಅಕ್ಕ ಪ್ರತಿ ಪ್ರದರ್ಶನದಿಂದ ಬಂದು ಒದ್ದೆ ಬಟ್ಟೆಯಿಂದ ಮೇಲೂ ಕೆಳಗೂ ಒರೆಸಿಡುತ್ತಾರಂತೆ. ಸುತ್ತ ಹೆರೆಯದ ನನ್ನ ಬಾಚಿ ಎಷ್ಟೇ ಎದ್ದರೂ ಇನ್ನೂ ಗುಳಿಯಲ್ಲೇ ಇದೆ. ನಿನ್ನ ಎಲೆಗಳು ಬೆರಳಿಗೆ ತಾಗುತ್ತವೆ.

ಅಕ್ಕನಿಗೆ ಫೋನು ಮಾಡಿದೆ. “ಅದು ದಸ್ತಗೀರಂದ್ರೀ. ಮೊದಲಿಂದ ಕಡೀತನಕ ಅವಂದ. ನಾ ಸುಳ್ಳ ಹೇಳಿದ್ದೆ” ಅಂದೆ. ಅವರು, “ಇದನ್ನ ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ” ಅಂದು ಇಟ್ಟುಬಿಟ್ಟರು.

ಸೀಳಿದ ಮೂಲೆಯನ್ನು ನಾನು ಮುಟ್ಟಿಲ್ಲ, ಅದು ನನ್ನ ಕೆಲಸವಲ್ಲ. ನಾಳೆ ಬೆಳಗಿನ ಬಸ್ಸಿಗೆ ಟೇಬಲ್ಲು ಹೊತ್ತುಕೊಂಡು ಸಿಂದಗಿಗೆ ಬರುತ್ತಿದ್ದೇನೆ, ಈ ಕಾಗದವೂ ಜೊತೆಗಿದೆ, ಬಾಯಿ ಮತ್ತೆ ಕೈಕೊಟ್ಟೀತೆಂದು. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನ ಅಂಗಡಿಯ ಮುಂದೆ ಇಳಿಯುತ್ತೇನೆ, ಟೇಬಲ್ಲನ್ನು ಅಡಿಮೇಲು ಮಾಡಿ ಇಡುತ್ತೇನೆ, ನೀನು ಅಂಗೈ ಆಡಿಸುವವರೆಗೆ ನಿಂತಿರುತ್ತೇನೆ.