ಗೋಲಿನೊಳಗೆ ಒಂದು ಸತ್ಕಾರ

ಕಳೆದ ರವಿವಾರ ಸಿಂದಗಿಯಲ್ಲಿ ಹಳೆಯ ಫುಟ್‌ಬಾಲ್ ಆಟಗಾರರೊಬ್ಬರಿಗೆ ಸತ್ಕಾರ ನಡೆಯಿತು. ವೇದಿಕೆಗೆ ಅಡ್ಡ ಬರುತ್ತವೆ ಎಂದು ಮೈದಾನದ ಗೋಲು ಕಂಬಗಳನ್ನು ಕಿತ್ತು ಹಾಕಿದ್ದರು.

ಉತ್ಪ್ರೇಕ್ಷೆಯಲ್ಲ. ನಾನು ಅದೇ ವೇದಿಕೆಯ ಮೇಲೆ ಕೂತಿದ್ದೆ.

ಬಿರಾದಾರ ಸರ್ ನಮ್ಮ ಕಾಲೇಜಿನ ಮೊದಲ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಕುಸ್ತಿ, ಕಬಡ್ಡಿ ಬಿಟ್ಟರೆ ಉಳಿದದ್ದು ಆಟವೇ ಅಲ್ಲ ಎನ್ನುತ್ತಿದ್ದ ಕಾಲ ಅದು. ಮುಂದೆ ಅಲ್ಲೇ ಅರ್ಥಶಾಸ್ತ್ರದ ಪ್ರೊಫೆಸರ್ ಆದರು. ಬೆಳಿಗ್ಗೆ ಕ್ಲಾಸು, ಸಂಜೆ ಕೋಚಿಂಗು. (ನಾನು ಎರಡರಲ್ಲೂ ಅಷ್ಟಕ್ಕಷ್ಟೆ.) ನಿವೃತ್ತರಾದ ಮೇಲೆ ಹುಡುಗಿಯರ ತಂಡ ಕಟ್ಟಿದರು. ಬುಧವಾರ ವಿಜಯಪುರದಲ್ಲಿ ಆ ತಂಡದ ಮೊದಲ ಪಂದ್ಯವಿತ್ತು.

ರವಿವಾರ ಸಂಜೆ ಹುಡುಗಿಯರು ಅಭ್ಯಾಸ ಮಾಡಬೇಕಿತ್ತು. ಬದಲಿಗೆ ಸೀರೆ ಉಡಿಸಿ, ಕೈಗೆ ಆರತಿ ತಟ್ಟೆ ಕೊಟ್ಟು ಸಾಲಾಗಿ ನಿಲ್ಲಿಸಿದ್ದರು.

ಮುಖ್ಯ ಅತಿಥಿಗಳು ಸರ್ ವಾಲಿಬಾಲ್‌ಗೆ ಸಲ್ಲಿಸಿದ ಸೇವೆಯನ್ನು ಕೊಂಡಾಡಿದರು. ಚಪ್ಪಾಳೆ ಬಿತ್ತು. ಶಾಲು ಹೊದಿಸಿ, ತಲೆಗೆ ಫೇಟಾ ಸುತ್ತಲು ಬಂದಾಗ ಸರ್ ಕೈ ಅಡ್ಡ ಹಿಡಿದರು. ಎದುರಿಗೆ ಆರತಿ ಹಿಡಿದು ನಿಂತಿದ್ದವಳು ತಂಡದ ಕ್ಯಾಪ್ಟನ್, ಕನ್ನೊಳ್ಳಿಯ ಶೈಲಾ.

“ಪೆನಾಲ್ಟಿ ಪ್ರಾಕ್ಟೀಸ್ ಮಾಡಿದಿ ಏನವಾ?”

“ಎಲ್ಲಿ ಹೊಡೀಬೇಕ್ರಿ ಸರ? ಗೋಲಿನ್ಯಾಗ ನೀವ ಕುಂತೀರಿ.”

ಮೈಕು ಹತ್ತಿರವಿತ್ತು. ಇಡೀ ಶಾಮಿಯಾನಾ ನಕ್ಕಿತು. ಸರ್ ನಗಲಿಲ್ಲ. ಶೈಲಾ ಕೂಡ.

ಒಂದು ದಿನದ ಮಾತು, ಕಂಬಗಳನ್ನು ನಾಳೆ ಮತ್ತೆ ನಿಲ್ಲಿಸುತ್ತೇವೆ ಎಂದು ಸಂಘಟಕರು ಸಮಾಧಾನ ಹೇಳಿದರು.

“ಹಂಗಾರ ನನ್ನ ಸತ್ಕಾರನೂ ನಾಳೆ ಇಟ್ಕೊಳ್ರಿ” ಎಂದ ಸರ್, ಶಾಲು ಮಡಿಚಿ ಕುರ್ಚಿಯ ಮೇಲಿಟ್ಟು ಮೆಟ್ಟಿಲಿಳಿದರು.

ಕಾರ್ಯಕ್ರಮ ನಿಂತಿತೇ? ಇಲ್ಲ. ಆ ಖಾಲಿ ಕುರ್ಚಿಗೇ ಶಾಲು ಹೊದಿಸಿ, ಸುತ್ತ ನಿಂತು ಫೋಟೋ ತೆಗೆಸಿಕೊಂಡರು.

ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಿಗೆ ಹೋದರೂ ಮೈದಾನವೆಂದರೆ ಶಾಮಿಯಾನಾ ಹೊಡೆಯುವ ಜಾಗ. ನಮಗೆ ಸಾಧಕರ ಕೊರಳು ಬೇಕು, ಹಾರ ಹಾಕಲು. ಅವರು ಜೀವ ತೇಯ್ದ ಕೆಲಸ ಮಾತ್ರ ಅಡ್ಡ ಬರುತ್ತದೆ.

ಬುಧವಾರ ಹುಡುಗಿಯರು ಸೋತರು. ಪೆನಾಲ್ಟಿಯಲ್ಲಿ. ಕಂಬಗಳಿದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಿನ್ನೆ ಹೋಗಿ ನೋಡಿದೆ, ಕಂಬಗಳು ಇನ್ನೂ ಕಾಂಪೌಂಡಿಗೆ ಒರಗಿವೆ. ಗೋಲು ಇದ್ದಲ್ಲಿ ಇಟ್ಟಿಗೆ ಬಂದು ಬಿದ್ದಿವೆ. ಕಾಯಂ ವೇದಿಕೆ ಕಟ್ಟುತ್ತಾರಂತೆ. ಅದಕ್ಕೆ ಬಿರಾದಾರ ಸರ್ ಹೆಸರನ್ನೇ ಇಡುತ್ತಾರಂತೆ.

ಉದ್ಘಾಟನೆಯ ದಿನ ಆರತಿ ಹಿಡಿಯಲು ಯಾರನ್ನು ಕರೆಯುತ್ತಾರೆ?