ಒಂದು ಬರೆದರೆ ಎರಡು ಅಳಿಸು

೨೦೧೪ರಲ್ಲಿ ನಾನು ಯಲಹಂಕದ ಸಣ್ಣ ಕಂಪನಿಯೊಂದರಲ್ಲಿ ತಾಂತ್ರಿಕ ಮುಖ್ಯಸ್ಥನಾಗಿದ್ದೆ. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಸಿಗುತ್ತದೆ ಎಂದು ತಿಳಿಸುವ ವೆಬ್‌ಸೈಟ್ ನಮ್ಮ ಸುಪರ್ದಿಯಲ್ಲಿತ್ತು. ಪ್ರತಿ ಪ್ರಶ್ನೆಗೂ ಮುಖ್ಯ ಡೇಟಾಬೇಸನ್ನೇ ಕೇಳಿದರೆ ಅದು ಸುಸ್ತಾಗುತ್ತದೆ. ಹಾಗಾಗಿ ಸಿದ್ಧ ಉತ್ತರಗಳನ್ನು ಇನ್ನೊಂದು ಡೇಟಾಬೇಸಿನ ಟೇಬಲ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದೆವು. ಇದೇ ಕ್ಯಾಶ್. ಇದನ್ನು ನಿಭಾಯಿಸಲು ನಾವು ಬಳಸುತ್ತಿದ್ದ ಸಿದ್ಧ ಕೋಡ್, ಅಂದರೆ ಲೈಬ್ರರಿ, ಅವಧಿ ಮುಗಿದ ಉತ್ತರವನ್ನು ಯಾರಿಗೂ ಕೊಡುತ್ತಿರಲಿಲ್ಲ. ಆದರೆ ಅಳಿಸುತ್ತಲೂ ಇರಲಿಲ್ಲ.

ಒಂದು ಮಧ್ಯಾಹ್ನ ಆ ಟೇಬಲ್ ತುಂಬಿ, ಹೊಸ ಉತ್ತರಕ್ಕೆ ಜಾಗವೇ ಇಲ್ಲವಾಯಿತು. ಹೆಚ್ಚಿನ ಪ್ರಶ್ನೆಗಳೆಲ್ಲ ಮುಖ್ಯ ಡೇಟಾಬೇಸಿನ ಮೇಲೆ ಬಿದ್ದು ಸೈಟ್ ಏದುಸಿರು ಬಿಡತೊಡಗಿತು. ಅಷ್ಟರಲ್ಲಿ ಸಹಾಯವಾಣಿಗೆ ಚಿಕ್ಕಜಾಲದ ಮುನಿರಾಜು ಎಂಬುವರ ಕರೆ. ಮಗಳಿಗೆ ಹೆರಿಗೆ, ಓ ನೆಗೆಟಿವ್ ರಕ್ತ ತುರ್ತಾಗಿ ಬೇಕಿತ್ತು.

“ಪೇಜೇ ಓಪನ್ ಆಗ್ತಿಲ್ಲ ಸಾರ್. ಇಂಗಾದ್ರೆ ನಾನು ಎಲ್ಲಿಗೆ ಓಗ್ಲಿ?”

ನಮಗೂ ಆ ಪುಟವೇ ಆಧಾರ.

“ಟೇಬಲ್ ಪೂರ್ತಿ ಖಾಲಿ ಮಾಡ್ಬಿಡು ಗುರು” ಎಂದರು ಮ್ಯಾನೇಜರ್ ಮೋಹನ್.

ಬಾಗಲಕೋಟೆಯಿಂದ ಬಂದು ಅಮೃತಹಳ್ಳಿಯಲ್ಲಿ ಮನೆ ಮಾಡಿದ್ದ ಸಹೋದ್ಯೋಗಿ ಶೋಭಾ ತಡೆದರು. “ಸರ್, ನಿಮ್ಮ ಮನ್ಯಾಗ ನೀರು ಹಿಡಿಯೋರು ಯಾರ್ರೀ? ನಳ ಬಂತಂತ ಎಲ್ಲಾ ಕೊಡ ಒಮ್ಮೆಲೇ ಚೆಲ್ಲತೀವೇನು? ಒಂದು ತೊಳದು ತುಂಬಿ, ಆಮ್ಯಾಲೆ ಇನ್ನೊಂದಕ್ಕ ಕೈ ಹಾಕತೀವಿ.”

ಆಕೆ ಹೇಳಿದ್ದು ಸರಿಯಿತ್ತು. ಎಲ್ಲ ಅಳಿಸಿದರೆ ಇನ್ನೂ ಚಾಲ್ತಿಯಲ್ಲಿದ್ದ ಉತ್ತರಗಳೂ ಹೋಗಿ, ಅಷ್ಟೂ ಭಾರ ಮುಖ್ಯ ಡೇಟಾಬೇಸಿಗೆ ಬೀಳುತ್ತಿತ್ತು. ಅವಧಿ ಮುಗಿದವನ್ನು ಮಾತ್ರ ಒಂದೇ ಆದೇಶದಲ್ಲಿ ಅಳಿಸಹೊರಟರೂ ಅದು ಮುಗಿಯುವವರೆಗೆ ಟೇಬಲ್‌ಗೆ ಬೀಗ ಬಿದ್ದು ಎಲ್ಲರೂ ಕಾಯಬೇಕಿತ್ತು. ಶೋಭಾ ಅವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಅಳಿಸಿದರು. ನಡುನಡುವೆ ನಿಲ್ಲಿಸಿ ಕಾಯುತ್ತಿದ್ದವರಿಗೆ ದಾರಿ ಬಿಟ್ಟರು. ಅಂಥ ಗಡಿಬಿಡಿಯಲ್ಲೂ ಅವರ ಬೆರಳು ತಡವರಿಸಲಿಲ್ಲ. ನೋಡುತ್ತ ನಿಂತ ನನಗೆ ಭಯದ ಜೊತೆಗೇ ಹೆಮ್ಮೆಯೂ ಆಯಿತು.

ಪುಟ ತೆರೆಯಿತು. ಹೆಬ್ಬಾಳದ ಬಳಿಯ ಒಂದು ರಕ್ತನಿಧಿಯಲ್ಲಿ ಓ ನೆಗೆಟಿವ್ ಇತ್ತು. ಮುನಿರಾಜುಗೆ ಫೋನ್ ಮಾಡಿ ವಿಳಾಸ ಹೇಳಿದೆ. ಹೇಳಿ ಮುಗಿಸಿದ ಕ್ಷಣವೇ ಅವರು ಕರೆ ಕತ್ತರಿಸಿದರು.

ಮುಂದೆ ಮತ್ತೆ ರಾಶಿ ಬೀಳದಂತೆ ಶೋಭಾ ಅಂದೇ ಲೈಬ್ರರಿಗೆ ಒಂದು ನಿಯಮ ಸೇರಿಸಿದರು: ಹೊಸ ಉತ್ತರ ಒಂದು ಬರೆದಾಗಲೆಲ್ಲ ಅವಧಿ ಮುಗಿದ ಎರಡನ್ನು ಅಳಿಸಬೇಕು. ಕಸ ತೆಗೆಯಲು ಕೆಲಸ ನಿಲ್ಲುವವರೆಗೆ ಕಾಯಬಾರದು, ಅದು, ನಡೆಯುವ ಕೆಲಸದ ಜೊತೆಗೇ ಸಾಗಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ.

ಸಂಜೆ ಅವರು ಅದನ್ನು ಬರೆಯುತ್ತಿದ್ದಾಗಲೇ ಮುನಿರಾಜು ಮತ್ತೆ ಫೋನ್ ಮಾಡಿದರು. ಸ್ಪೀಕರ್ ಹಾಕಿದೆ.

“ತಾಯಿ, ಮಗು ಇಬ್ರೂ ಚೆನ್ನಾಗವ್ರೆ ಸಾರ್.”

ಅಲ್ಲಿಯವರೆಗೆ ಒಮ್ಮೆಯೂ ತಡವರಿಸದ ಶೋಭಾರ ಬೆರಳುಗಳು ಆಗ ನಿಂತವು.